ಕಾಮಾಲೆಯ ಮದ್ದು: ನೆಲನೆಲ್ಲಿಯ ಹಿರಿಮೆಯೂ ಮೇರೆಯೂ

ಹೊಸೂರಿನಿಂದ ದೇಂಕಣಿಕೋಟೆ, ತಳಿ, ಅಂಚೆಟ್ಟಿಗಳತ್ತ ಹಬ್ಬಿ, ಕನ್ನಡ, ತಮಿಳು, ತೆಲುಗುಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಈ ಗಡಿಸೀಮೆಯಲ್ಲಿ, ಮಳೆಯಾದೊಡನೆ ರಾಗಿಹೊಲದ ಬದುವಿನಲ್ಲಿಯೂ ಹಿತ್ತಿಲ ತೇವದಲ್ಲಿಯೂ ತಾನಾಗಿ ಚಿಗುರುವ ಗೇಣುದ್ದದ ಗಿಡವೊಂದುಂಟು. ಉಳಿದ ದಿನಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಜನರೇ, ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾದಾಗ, ಅದನ್ನು ಅರಸಿಕೊಂಡು ಹೋಗುತ್ತಾರೆ. ಕನ್ನಡಿಗರ ನೆಲನೆಲ್ಲಿ, ತಮಿಳರ ಕೀಳಾನೆಲ್ಲಿ, ಆಯುರ್ವೇದದ ಭೂಮ್ಯಾಮಲಕಿ ಇದೇ.

ಗಿಡವನ್ನು ಮಗುಚಿ ನೋಡಿದಲ್ಲದೆ ಇದರ ಗುರುತು ಪೂರ್ಣವಾಗಿ ಸಿಗದು. ಹುಣಸೆಯ ಚಿಗುರಿನಂತೆ ಎರಡು ಸಾಲಾಗಿ ಜೋಡಿಸಿದ ಪುಟ್ಟ ಎಲೆಗಳ ಅಡಿಯಲ್ಲಿ, ಕಡ್ಡಿಯುದ್ದಕ್ಕೂ ಹಸಿರು ಕಾಯಿಗಳು ತೂಗುತ್ತಿರುತ್ತವೆ. ಸಂಜೆಯಾಗುತ್ತಲೇ ಎಲೆಗಳು ಮಡಿಚಿಕೊಳ್ಳುತ್ತವೆ. ಕಾಂಡ ಕೆಂಪಗಿರುವ ಸೋದರ ಪ್ರಭೇದವೂ ಇರುವುದರಿಂದ, ಬಲ್ಲವರು ನೋಡಿಯೇ ಕೀಳಬೇಕು. ಬೇರುಸಹಿತ ಕಿತ್ತ ಗಿಡವನ್ನು ಮಣ್ಣು ಹೋಗುವಂತೆ ತೊಳೆದು, ಒರಳಿನಲ್ಲಿ ನುಣ್ಣಗೆ ಅರೆದು, ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲಿಯೋ ಹಾಲಿನಲ್ಲಿಯೋ ಕದಡಿ ಬರಿಹೊಟ್ಟೆಯಲ್ಲಿ ಕುಡಿಸುವುದು ರೂಢಿ. ಎಣ್ಣೆ, ಕರಿದ ತಿಂಡಿ, ಮಾಂಸ, ಮದ್ಯಗಳನ್ನು ವರ್ಜಿಸಿ ಗಂಜಿ-ಮಜ್ಜಿಗೆಯಲ್ಲಿರುವ ಪಥ್ಯ ಮದ್ದಿನಷ್ಟೇ ಮುಖ್ಯ. ಈ ಮದ್ದಿಗೆ ಹಣ ಮುಟ್ಟದೆ ತಾಂಬೂಲವನ್ನಷ್ಟೇ ಸ್ವೀಕರಿಸುವ ನಾಟಿ ವೈದ್ಯರ ಮನೆತನಗಳೂ ಉಂಟು.

ಈ ಮೂಲಿಕೆಯನ್ನು ವಿಜ್ಞಾನವೂ ಅಲಕ್ಷಿಸಲಿಲ್ಲ. ಹೆಪಟೈಟಿಸ್ ಬಿ ವೈರಾಣುವಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ಬರೂಕ್ ಬ್ಲೂಮ್‌ಬರ್ಗರೂ ಮದರಾಸಿನ ಎಸ್. ಪಿ. ತ್ಯಾಗರಾಜನ್ನರೂ ಸಂಗಡಿಗರೊಡನೆ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, 30 ದಿನ ನೆಲನೆಲ್ಲಿಯ ಚೂರ್ಣ ಸೇವಿಸಿದ 37 ಮಂದಿ ವೈರಾಣುವಾಹಕರಲ್ಲಿ 22 ಮಂದಿಯ ರಕ್ತದಿಂದ ಸೋಂಕಿನ ಕುರುಹು ಮಾಯವಾಗಿತ್ತು. ಹುಸಿಮದ್ದು ಸೇವಿಸಿದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ಜಗತ್ತೇ ಇತ್ತ ತಿರುಗಿ ನೋಡಿತಾದರೂ, ಥಾಯ್ಲೆಂಡ್ ಮೊದಲಾದೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ.

ಕಾಮಾಲೆಯೆಂಬುದು ಒಂದೇ ರೋಗವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕಲುಷಿತ ನೀರು-ಆಹಾರಗಳಿಂದ ಹರಡುವ ‘ಎ’ ಬಗೆಯ ಕಾಮಾಲೆ ಬಹುಮಂದಿಯಲ್ಲಿ ವಿಶ್ರಾಂತಿ-ಪಥ್ಯಗಳಿಂದಲೇ ಕೆಲವು ವಾರಗಳಲ್ಲಿ ಇಳಿಯುವುದರಿಂದ, ಅದರ ಕೀರ್ತಿ ಮದ್ದಿಗೆ ಸಲ್ಲುವುದು ಸಹಜ. ನೀರಿನಿಂದಲೇ ಬರುವ ‘ಇ’ ಬಗೆಯದು ಗರ್ಭಿಣಿಯರ ಪ್ರಾಣಕ್ಕೇ ಎರವಾಗಬಲ್ಲದು. ರಕ್ತದಿಂದಲೂ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುವ ‘ಬಿ’ ಬಗೆಯದು ಸದ್ದಿಲ್ಲದೆ ವರ್ಷಗಟ್ಟಲೆ ಯಕೃತ್ತಿನಲ್ಲಿ ನೆಲೆಸಬಲ್ಲದು. ಕಣ್ಣಿನ ಹಳದಿಯೊಂದನ್ನೇ ನೋಡಿ ಇವನ್ನು ಬೇರ್ಪಡಿಸುವುದು ಎಷ್ಟೇ ಅನುಭವಿಯಾದ ಪಂಡಿತನಿಗೂ ಅಸಾಧ್ಯ. ಕಾಮಾಲೆಗೆ ಕಾದ ಕಬ್ಬಿಣದ ಬರೆ ಎಳೆಯುವ ಕ್ರೂರ ಪದ್ಧತಿಯಂತೂ ಸರ್ವಥಾ ತ್ಯಾಜ್ಯ.

ಹಿರಿಯರ ಗಿಡಜ್ಞಾನ ನಮ್ಮ ಸ್ವತ್ತು. ಅದನ್ನು ಬರೆದಿಡುವುದೂ ಪರೀಕ್ಷೆಗೊಡ್ಡುವುದೂ ಅದಕ್ಕೆ ಸಲ್ಲಿಸುವ ನಿಜವಾದ ಗೌರವ. ಆದುದರಿಂದ ಓದುಗರಲ್ಲಿ ಒಂದು ವಿನಂತಿ: ಕಣ್ಣು ಹಳದಿಯಾದೊಡನೆ ಮೊದಲು ರಕ್ತಪರೀಕ್ಷೆ ಮಾಡಿಸಿರಿ, ಮದ್ದು ಕುಡಿಯುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಮಾಚದೆ ತಿಳಿಸಿರಿ, ಮಂಪರು, ನಿಲ್ಲದ ವಾಂತಿ ಅಥವಾ ರಕ್ತಸ್ರಾವ ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಕುಡಿಯುವ ನೀರನ್ನು ಕುದಿಸಿರಿ, ಹುಟ್ಟಿದ ಮಗುವಿಗೆ 24 ಗಂಟೆಗಳೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರಿ.