ನಡೆಯುತ್ತಿರುವ ಮಗುವಿನ ನಡಿಗೆಯನ್ನು ಅಳೆಯುವುದೇಕೆ?

ಮಗು ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ದೊರೆಯುತ್ತದೆ. ನರ ಮತ್ತು ಸ್ನಾಯು ಸಂಬಂಧಿ ಕಾಯಿಲೆಯುಳ್ಳ ಮಕ್ಕಳ ವಿಷಯದಲ್ಲಿ ಈ ಉತ್ತರ ಸಾಲದು.

ಇಂತಹ ಕಾಯಿಲೆಗಳಲ್ಲಿ ಡುಷೆನ್ ಸ್ನಾಯುಕ್ಷಯವು ಪ್ರಮುಖವಾದುದು. ವಂಶವಾಹಿಯ ದೋಷದಿಂದ ಉಂಟಾಗುವ ಇದು ಬಹುತೇಕ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು 2ರಿಂದ 5 ವರ್ಷದೊಳಗೆ ಮಗು ಪದೇ ಪದೇ ಬೀಳತೊಡಗುತ್ತದೆ, ಮೆಟ್ಟಿಲೇರಲು ಕಷ್ಟಪಡುತ್ತದೆ, ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತದೆ. ಇದು ಸೋಮಾರಿತನವಲ್ಲ. ಚಿಕಿತ್ಸೆ ದೊರೆಯದಿದ್ದಲ್ಲಿ ಬಹುತೇಕ ಮಕ್ಕಳು 12ನೇ ವಯಸ್ಸಿನ ಆಸುಪಾಸಿನಲ್ಲಿ ನಡಿಗೆ ಕಳೆದುಕೊಳ್ಳುತ್ತಾರೆ.

ನಡಿಗೆಯ ಸಾಮರ್ಥ್ಯವನ್ನು ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು ಹಲವು ವಿಧಾನಗಳಿಂದ ಅಳೆಯುತ್ತಾರೆ. ಆರು ನಿಮಿಷಗಳ ನಡಿಗೆ ಪರೀಕ್ಷೆಯಲ್ಲಿ ಮಗು 25 ಮೀಟರ್‌ಗಳ ಸಮತಟ್ಟಾದ ದಾರಿಯಲ್ಲಿ ಹೋಗಿಬಂದು ಮಾಡುತ್ತದೆ. ಕ್ರಮಿಸಿದ ಒಟ್ಟು ದೂರವೇ ಫಲಿತಾಂಶ. ಬಿದ್ದರೆ ನೆರವಾಗಲು ಒಬ್ಬರು ಹಿಂದೆಯೇ ನಡೆಯುತ್ತಾರೆ. 10 ಮೀಟರ್ ದೂರಕ್ಕೂ ನೆಲದಿಂದ ಏಳುವುದಕ್ಕೂ ತಗಲುವ ಸೆಕೆಂಡುಗಳನ್ನು ದಾಖಲಿಸಲಾಗುತ್ತದೆ. ‘ನಾರ್ತ್ ಸ್ಟಾರ್’ ಎಂಬ ಮಾಪನದಲ್ಲಿ 17 ಚಟುವಟಿಕೆಗಳಿದ್ದು, ಪ್ರತಿಯೊಂದಕ್ಕೂ 0, 1 ಅಥವಾ 2ರಂತೆ ಗರಿಷ್ಠ 34 ಅಂಕಗಳಿರುತ್ತವೆ.

ಒಂದು ದಿನದ ಅಳತೆಯಿಂದ ಕೆರೆಯ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ಅಂತೆಯೇ ಈ ಅಳತೆಗಳನ್ನೂ ಸುಮಾರು ಆರು ತಿಂಗಳಿಗೊಮ್ಮೆ ಪುನರಾವರ್ತಿಸಬೇಕಾಗುತ್ತದೆ. ಎಳೆಯ ಮಗು ಬೆಳೆದಂತೆ, ಕಾಯಿಲೆಯಿದ್ದರೂ ನಡೆಯುವ ದೂರ ಕೆಲಕಾಲ ಹೆಚ್ಚಬಹುದು. ಆದುದರಿಂದ ದೂರ, ಸಮಯ ಮತ್ತು ಅಂಕಗಳನ್ನು ಒಟ್ಟಾಗಿ ಪರಿಶೀಲಿಸಲಾಗುತ್ತದೆ. ಔಷಧ ಮತ್ತು ವ್ಯಾಯಾಮದ ಕುರಿತು ವೈದ್ಯರು ನಿರ್ಧರಿಸಲು, ಗಾಲಿಕುರ್ಚಿಗೆ ಕುಟುಂಬವು ಸಿದ್ಧವಾಗಲು ಈ ದಾಖಲೆ ಆಧಾರವಾಗುತ್ತದೆ.

ಈ ದಿಸೆಯಲ್ಲಿ ಮಾನ್ಯ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಮೇಲಿನ ಲಕ್ಷಣಗಳು ಕಂಡುಬಂದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಲು ಪೋಷಕರಿಗೆ ತಿಳಿಸುವುದು. ಶಾಲೆಯಲ್ಲಿ ಓಡಿಸಿ ಪರೀಕ್ಷಿಸುವುದು ಸಲ್ಲದು.

2. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಸ್ನಾಯುಕ್ಷಯವೂ ಸೇರಿದೆ. ಮಗು ಇನ್ನೂ ನಡೆಯುತ್ತಿದೆಯೆಂಬ ಕಾರಣಕ್ಕೆ ಕಡೆಗಣಿಸದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ನೆರವಾಗುವುದು.

3. ಶಾಲೆ ಹಾಗೂ ಅಂಗನವಾಡಿಗಳಲ್ಲಿ ಇಳಿಜಾರು ದಾರಿ, ಕೈಹಿಡಿ ಮತ್ತು ಬಳಸಬಹುದಾದ ಶೌಚಾಲಯವಿರುವುದನ್ನು ಖಚಿತಪಡಿಸಿಕೊಳ್ಳುವುದು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಅವಶ್ಯ.

ಅಳತೆಗಳು ಇಳಿಮುಖವಾಗುತ್ತಿರುವಾಗಲೇ ಈ ಕಾಮಗಾರಿಗಳನ್ನು ಕ್ರಿಯಾಯೋಜನೆಗೆ ಸೇರಿಸತಕ್ಕದ್ದು. ನಡಿಗೆ ನಿಂತ ಮೇಲೆ ಆರಂಭಿಸಿದರೆ, ಇಳಿಜಾರು ಸಿದ್ಧವಾಗುವಷ್ಟರಲ್ಲಿ ಮಗು ಶಾಲೆ ಬಿಟ್ಟಿರುತ್ತದೆ.