ಬಾವಿಯ ತಾಪಮಾನವೂ ಬಂಡವಾಳದ ಲೆಕ್ಕವೂ

ಚಾಮರಾಜನಗರ, ಗುಂಡ್ಲುಪೇಟೆಗಳ ಉದ್ದಿಮೆದಾರರಿಗೆ ಕೊಳವೆಬಾವಿಯು ಬಂಡವಾಳ ವೆಚ್ಚದ ಒಂದು ಬಾಬ್ತು. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಫ್ರೆಂಚ್ ವಿಜ್ಞಾನಿಗಳು ನಡೆಸಿದ ಅಧ್ಯಯನಗಳು ಅಂತರ್ಜಲದ ಕುಸಿತವನ್ನು ದಾಖಲಿಸಿವೆ. ಈ ಗಟ್ಟಿಶಿಲೆಯ ನೆಲದ ಆಳದಲ್ಲಿ ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಯಾವ ಬಿರುಕು ನೀರು ಕೊಡುತ್ತಿದೆಯೆಂದು ಅರಿಯದೆ ಮತ್ತಷ್ಟು ಕೊರೆಸಿದರೆ ಹಣ ನೆಲದ ಪಾಲಾದೀತು.

ಅನಿಲ ಬಾವಿಗಳಲ್ಲಿ ಇಂಥದೇ ಪ್ರಶ್ನೆಗೆ ಆಪ್ಟಿಕಲ್ ಫೈಬರ್ ಉತ್ತರ ನೀಡುತ್ತದೆ. ಬಾವಿಯುದ್ದಕ್ಕೂ ಇಳಿಸಿದ ಎಳೆಯೊಳಗೆ ಲೇಸರ್ ಬೆಳಕನ್ನು ಹಾಯಿಸಲಾಗುತ್ತದೆ. ಚದುರಿ ಹಿಂದಿರುಗುವ ಬೆಳಕಿನ ಒಂದಂಶವು ಉಷ್ಣತೆಗನುಗುಣವಾಗಿ ಹೆಚ್ಚುಕಡಿಮೆಯಾಗುತ್ತದೆ, 1928ರಲ್ಲಿ ಸಿ.ವಿ. ರಾಮನ್ ಪ್ರಕಟಿಸಿದ ಪರಿಣಾಮವೇ ಇದಕ್ಕಾಧಾರ. ಬೆಳಕು ಮರಳುವ ಕಾಲದಿಂದ ಆಳ ತಿಳಿಯುತ್ತದೆ. ಒತ್ತಡ ಕಳೆದುಕೊಂಡು ಹಿಗ್ಗುವ ಅನಿಲ ಸಾಮಾನ್ಯವಾಗಿ ತಣಿಯುವುದರಿಂದ, ಅದು ಒಳಬರುವ ಸ್ತರದಲ್ಲಿ ತಾಪಮಾನ ಇಳಿಯುತ್ತದೆ.

ನೀರು ಹೀಗೆ ತಣಿಯದು. ಆದರೆ ಆಳಕ್ಕೆ ಹೋದಂತೆ ನೆಲದ ಬಿಸಿ ಏರುವುದರಿಂದ, ಪಂಪು ನಡೆಯುವಾಗ ನೀರು ಸೇರುವ ಬಿರುಕಿನ ಬಳಿ ತಾಪಮಾನದ ರೇಖೆ ಬಾಗುತ್ತದೆ. ವ್ಯತ್ಯಾಸ ಅತ್ಯಲ್ಪವಾದರೂ ಅಳೆಯಬಹುದು. ಒಂದೆರಡು ಬಾವಿಗಳಿಗೆ ದುಬಾರಿ ಫೈಬರ್ ಅನಗತ್ಯ. ಕೇಬಲ್ಲಿನಲ್ಲಿ ಇಳಿಸುವ ಸೂಕ್ಷ್ಮ ತಾಪಮಾಪಕವೇ ಸಾಕು. ಹೊಸ ಆಳಕ್ಕೆ ಹಣ ಹಾಕುವ ಮುನ್ನ ಈ ಪರೀಕ್ಷೆಯ ದರವನ್ನೂ ಕೊರೆಯುವ ದರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ವಿವೇಕ.