ಕಂಚಿಯಿಂದ ಎಲ್ಲೋರಕ್ಕೆ, ಮಲಪ್ರಭೆಯ ದಾರಿಯಲ್ಲಿ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಹೋದವರೆಲ್ಲ ಸಾಮಾನ್ಯವಾಗಿ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಪಟ್ಟಿಕೆಗಳಲ್ಲೇ ಕಳೆದುಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಒಂದಿಷ್ಟು ಹೊತ್ತು ಕಥೆಗಳನ್ನು ಬಿಟ್ಟು, ಹೊರಗೆ ಬಂದು, ಶಿಖರವನ್ನು ಪಕ್ಕದಿಂದ ನೋಡಬೇಕು. ತಲದ ಮೇಲೆ ತಲವಾಗಿ ಏರಿದ ವಿಮಾನದ ಎದೆಯಿಂದ ಕಮಾನಿನಾಕಾರದ ಒಂದು ಚಾಚು ಪೂರ್ವಕ್ಕೆ ಮುಂದೆ ಬಂದಿದೆ. ಇದು ಶುಕನಾಸ. ಗುಡಿಯ ರೂಪ ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು ಎಂದು ತಿಳಿಯಲು ಹಿಡಿಯಬೇಕಾದ ಎಳೆ ಇಲ್ಲೇ ಸಿಗುತ್ತದೆ.

ಕಥೆಗೆ ಮೊದಲು ಒಂದು ಸೋಲು ಇದೆ. ಕ್ರಿ.ಶ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಅವನ ಗೆಲುವಿನ ಶಾಸನ ಚಾಲುಕ್ಯರ ರಾಜಧಾನಿಯ ಬಂಡೆಯ ಮೇಲೆ ಇಂದಿಗೂ ಇದೆ. ಸುಮಾರು ನೂರು ವರ್ಷಗಳ ನಂತರ ಇಮ್ಮಡಿ ವಿಕ್ರಮಾದಿತ್ಯ (733–744) ಕಂಚಿಯನ್ನು ಹೊಕ್ಕಾಗ ಹಗೆ ತೀರಿಸಿಕೊಳ್ಳಲು ಕಾರಣ ಬೇಕಾದಷ್ಟಿತ್ತು. ಆಗ ಕಂಚಿಯಲ್ಲಿ ರಾಜಸಿಂಹ ಪಲ್ಲವ ಕಟ್ಟಿಸಿದ ಕೈಲಾಸನಾಥ ಗುಡಿ ಇನ್ನೂ ಹೊಸತು. ವಿಕ್ರಮಾದಿತ್ಯ ಅದರ ಸಂಪತ್ತನ್ನು ನೋಡಿ, ಕೊಳ್ಳೆ ಹೊಡೆಯದೆ, ದೇವರಿಗೇ ಮರಳಿ ಬಿಟ್ಟ. ಹೀಗೆಂದು ಅದೇ ಗುಡಿಯ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿದ. ತಮಿಳು ನೆಲದ ನಡುವೆ ಒಂದು ಕನ್ನಡ ಶಾಸನ! ಗೆದ್ದವನ ಜಂಬ ಅದರಲ್ಲಿ ಇಲ್ಲವೆಂದಲ್ಲ. ಆದರೆ ಬಾದಾಮಿಯ ಬಂಡೆಗೆ ಕೊಟ್ಟ ಉತ್ತರವಾಗಿ ಇದಕ್ಕಿಂತ ಘನವಾದುದನ್ನು ಊಹಿಸುವುದು ಕಷ್ಟ.

ಅವನು ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ಪಟ್ಟದಕಲ್ಲಿನಲ್ಲಿ ಈ ವಿರೂಪಾಕ್ಷ ಗುಡಿ ಎದ್ದಿತು. ಕಟ್ಟಿಸಿದವಳು ಹೈಹಯ ಕುಲದ ರಾಣಿ ಲೋಕಮಹಾದೇವಿ. ಆಗ ಅದರ ಹೆಸರು ಲೋಕೇಶ್ವರ. ಅವಳ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಕಟ್ಟಿಸಿದ್ದನ್ನು ಇಂದು ಮಲ್ಲಿಕಾರ್ಜುನ ಎನ್ನುತ್ತೇವೆ. ಅಕ್ಕತಂಗಿಯರ ನಡುವೆ ಪೈಪೋಟಿ ಇತ್ತೋ ಏನೋ, ನೋಟಕ್ಕಂತೂ ಎರಡೂ ಅವಳಿಗಳು.

ಕಂಚಿಯನ್ನು ಕಂಡವರಿಗೆ ವಿರೂಪಾಕ್ಷದಲ್ಲಿ ಪರಿಚಿತವಾದದ್ದು ಬಹಳ ಸಿಗುತ್ತದೆ. ಗುಡಿಯನ್ನು ಸುತ್ತುವರಿದ ಪ್ರಾಕಾರ, ಅದರ ಒಳಬದಿಗೆ ಒರಗಿ ನಿಂತ ಪುಟ್ಟ ಗುಡಿಗಳು, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ವಿಮಾನ. ಹಾಗೆಂದು ಇದನ್ನು ನಕಲು ಎನ್ನಲು ನಾನು ಒಪ್ಪುವುದಿಲ್ಲ. ದ್ರಾವಿಡ ವಿಮಾನ ಚಾಲುಕ್ಯರಿಗೆ ಹೊಸದಾಗಿರಲಿಲ್ಲ. ಬಾದಾಮಿಯ ಮಾಲೆಗಿತ್ತಿ ಶಿವಾಲಯ ಏಳನೆಯ ಶತಮಾನದ್ದು. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಪಟ್ಟದಕಲ್ಲಿನಲ್ಲೇ ಕಟ್ಟಿಸಿದ ಗುಡಿ, ಇಂದಿನ ಸಂಗಮೇಶ್ವರ, ಕೂಗಳತೆಯಲ್ಲಿದೆ. ಆ ಸಂಗಮೇಶ್ವರಕ್ಕೆ ಶುಕನಾಸವಿಲ್ಲ. ಕಂಚಿಯ ಕೈಲಾಸನಾಥಕ್ಕೂ ಇಲ್ಲ. ವಿರೂಪಾಕ್ಷಕ್ಕೆ ಇದೆ. ಇದೇ ಊರಿನಲ್ಲಿ ನಾಗರ ಶಿಖರದ ಗುಡಿಗಳೂ ಎದ್ದವಲ್ಲ, ಅವುಗಳ ಮುಂದೆ ಶುಕನಾಸವುಂಟು. ಉತ್ತರದ ಮೂಗನ್ನು ತೆಗೆದು ದಕ್ಷಿಣದ ಮುಖಕ್ಕೆ ಇಟ್ಟು, ಅದು ಹುಟ್ಟಿನಿಂದಲೇ ಅಲ್ಲಿತ್ತೇನೋ ಎಂಬಂತೆ ಕಾಣಿಸಿದ್ದು ಮಲಪ್ರಭೆಯ ದಂಡೆಯ ಬುದ್ಧಿ.

ಒಳಗಿನ ಏರ್ಪಾಡೂ ಬೇರೆ. ಎದುರಿಗೆ ಬಿಡಿಯಾಗಿ ನಂದಿಮಂಟಪ. ಸಭಾಮಂಟಪಕ್ಕೆ ಮೂರು ದಿಕ್ಕಿನಿಂದ ಮುಖಮಂಟಪಗಳು. ಗರ್ಭಗುಡಿಯ ಸುತ್ತ ಪ್ರದಕ್ಷಿಣೆಯ ಓಣಿ. ಹೊರಗೋಡೆಯ ಜಾಲಂಧ್ರಗಳ ವಿನ್ಯಾಸ ಒಂದರಂತೆ ಒಂದಿಲ್ಲ. ಮಧ್ಯಾಹ್ನದ ಬೆಳಕು ಅವುಗಳಿಂದ ಸೋಸಿ ಒಳಬಂದಾಗ ಕೆಂಪು ಮರಳುಗಲ್ಲಿನ ಬಿರುಸೇ ಕಡಿಮೆಯಾಗುತ್ತದೆ. ಮರಳುಗಲ್ಲು ಉಳಿಗೆ ಬೇಗ ಮಣಿಯುತ್ತದೆ, ಮಳೆಗಾಳಿಗೂ ಬೇಗ ಮಣಿಯುತ್ತದೆ. ಹೊರಗಿನ ಕೆಲವು ಮುಖಗಳು ಸವೆದಿರುವುದು ಅದಕ್ಕೇ.

ಇಷ್ಟನ್ನೂ ಯೋಚಿಸಿದವರು ಯಾರು? ನಮ್ಮ ಪುಣ್ಯ, ಪೂರ್ವದ ಮಹಾದ್ವಾರದ ಶಾಸನ ಅದನ್ನು ಹೇಳುತ್ತದೆ. ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಗುಡಿ ಕಟ್ಟಿದ್ದಕ್ಕೆ ಅವನಿಗೆ ಪೆರ್ಜೆರೆಪು ಎಂಬ ಪಟ್ಟವನ್ನೂ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ಕೊಟ್ಟರು. ತೆಂಕಣ ದಿಕ್ಕಿನ ಸೂತ್ರಧಾರಿ ಎನಿಸಿದ ಸರ್ವಸಿದ್ಧಿ ಆಚಾರಿಯ ಹೊಗಳಿಕೆಯೂ ಇಲ್ಲಿದೆ. ಕಂಚಿಯಿಂದ ಶಿಲ್ಪಿಗಳನ್ನೇ ಕರೆತಂದರೇ ಎಂಬ ಚರ್ಚೆಗೆ ಈ ‘ತೆಂಕಣ’ ಬೇಕಾದಷ್ಟು ಮೇವು ಒದಗಿಸಿದೆ. ಇನ್ನೊಂದು ಶಾಸನದಲ್ಲಿ, ಗಾಯಕರಿಗೆ ವಿಜಯಾದಿತ್ಯ ಕೊಟ್ಟಿದ್ದ ಸವಲತ್ತುಗಳನ್ನು ಲೋಕಮಹಾದೇವಿ ಊರ್ಜಿತಗೊಳಿಸುತ್ತಾಳೆ. ಕಲ್ಲು ಕೆತ್ತುವವರ ಜೊತೆ ಹಾಡುವವರನ್ನೂ ಮರೆಯದ ರಾಣಿ!

ಗುಡಿ ಮುಗಿದ ಮೇಲೆ ಚಾಲುಕ್ಯರು ಬಹಳ ಕಾಲ ಬಾಳಲಿಲ್ಲ. ವಿಕ್ರಮಾದಿತ್ಯನ ಮಗ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ, 753ರ ಹೊತ್ತಿಗೆ, ರಾಷ್ಟ್ರಕೂಟ ದಂತಿದುರ್ಗ ಮೇಲುಗೈ ಪಡೆದ. ಅವನ ನಂತರ ಪಟ್ಟಕ್ಕೆ ಬಂದ ಚಿಕ್ಕಪ್ಪ ಒಂದನೆಯ ಕೃಷ್ಣ ಎಲ್ಲೋರದಲ್ಲಿ ಕೈಲಾಸವನ್ನು ಕೊರೆಸಿದ. ಅಲ್ಲಿ ಕಟ್ಟುವ ಮಾತೇ ಇಲ್ಲ. ಕಪ್ಪು ಬಸಾಲ್ಟ್ ಬೆಟ್ಟದ ನೆತ್ತಿಯಿಂದ ಕಂದಕ ಇಳಿಸಿ, ನಡುವೆ ಉಳಿದ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಗುಡಿಯಾಗಿಸಿದ್ದಾರೆ. ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂಬದಿಯ ಗೋಡೆ 100 ಅಡಿಗೂ ಮಿಕ್ಕ ಎತ್ತರ. ಶಿಖರ ಮೊದಲು, ಪಾಯ ಕೊನೆಗೆ. ಹೀಗೆ ಕೆತ್ತುವಾಗ ತಪ್ಪಿದರೆ ಕಲ್ಲು ಬದಲಿಸುವಂತಿಲ್ಲ. ಆದ್ದರಿಂದ ಇಡೀ ಗುಡಿ ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು, ಒಮ್ಮೆ ನಿಂತು ತೋರಿಸಿದ ಮಾದರಿ ಬೇಕು.

ಆ ಮಾದರಿ ವಿರೂಪಾಕ್ಷವೆಂದು ವಿದ್ವಾಂಸರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಎದುರಿನ ನಂದಿಮಂಟಪ ಅಲ್ಲಿ ಸೇತುವೆಯಿಂದ ಗುಡಿಗೆ ಸೇರಿದೆ. ಸಭಾಮಂಟಪಕ್ಕೆ ಮೂರು ಕಡೆಯ ಮುಖಮಂಟಪಗಳೂ ಇವೆ. ವಿಮಾನದ ಎದೆಯಲ್ಲಿ ಶುಕನಾಸ ಇದೆ. ಕಂಚಿಯಿಂದ ನೇರವಾಗಿ ಹೋಗಿದ್ದರೆ ಅದು ಇರುತ್ತಿರಲಿಲ್ಲ.

ರಾಷ್ಟ್ರಕೂಟ ಕರ್ಕನ ಬರೋಡಾ ತಾಮ್ರಪಟ (812–13) ಈ ಗುಡಿಯನ್ನು ಹೊಗಳುವ ಬಗೆ ಸೊಗಸಾಗಿದೆ: ವಿಮಾನದಲ್ಲಿ ಸಾಗುವ ದೇವತೆಗಳು ಇದು ಮನುಷ್ಯರ ಕೆಲಸವಲ್ಲ ಎಂದು ಬೆರಗಾಗುತ್ತಾರೆ, ಮಾಡಿದ ಶಿಲ್ಪಿಯೂ ಇದನ್ನು ನಾನು ಹೇಗೆ ಮಾಡಿದೆನೋ ಎಂದು ತಾನೇ ಅಚ್ಚರಿಪಡುತ್ತಾನೆ. ಆ ಶಿಲ್ಪಿಯ ಹೆಸರನ್ನು ಮಾತ್ರ ತಾಮ್ರಪಟ ಹೇಳುವುದಿಲ್ಲ. ಪಟ್ಟ, ಬಿರುದು, ಹೆಸರು ಮೂರನ್ನೂ ಕಲ್ಲಿನಲ್ಲಿ ಉಳಿಸಿಕೊಂಡವನು ಮಲಪ್ರಭೆಯ ಗುಂಡನೇ.